ಬೇಲಿ ಹೊರಗಿನ ಬಳ್ಳಿ

ಅಗಸೂರಿನ ನಾಗಮ್ಮನ ಎಲೆತೋಟದ ದಣಪೆಯನ್ನು, ಅಂದರೆ ಬೇಲಿಯ ಬಾಗಿಲನ್ನು, ಅವಳ ಸೊಸೆ ಸುಮಲತಾ ಎಂಟು ವರ್ಷದಿಂದ ದಾಟಿರಲಿಲ್ಲ. ಹಿಂಬಾಗಿಲಿನಿಂದ ಅಲ್ಲಿಗೆ ಸರಿಯಾಗಿ ಮೂವತ್ತು ಹೆಜ್ಜೆ. ಗೊಬ್ಬರದ ಬುಟ್ಟಿ, ನೀರಿನ ಕೊಡ, ಗಂಡನಿಗೆ ಚಾ, ಎಲ್ಲವನ್ನೂ ಅಲ್ಲಿಯ ತನಕ ಅವಳೇ ಹೊತ್ತು ತರುತ್ತಿದ್ದಳು. ದಣಪೆಯ ಬುಡದಲ್ಲಿಟ್ಟು, ಒಳಗಿದ್ದವರನ್ನು ಕೂಗಿ ಕರೆದು, ಬಂದ ದಾರಿ ಹಿಡಿಯುತ್ತಿದ್ದಳು. ಹೊರುವುದಕ್ಕೆ ಮೈಲಿಗೆ ಅಡ್ಡ ಬರುತ್ತಿರಲಿಲ್ಲ, ಒಳಗೆ ಕಾಲಿಡುವುದಕ್ಕಷ್ಟೇ ಬರುತ್ತಿತ್ತು.

ತೋಟವೆಂದರೆ ಮಹಾ ದೊಡ್ಡದೇನಲ್ಲ. ಹಾಲವಾಣದ ಮರಗಳಿಗೆ ಹಬ್ಬಿಸಿದ ನೂರಿಪ್ಪತ್ತು ವೀಳ್ಯದೆಲೆಯ ಬಳ್ಳಿ, ಸುತ್ತ ಬಿದಿರಿನ ಬೇಲಿ. ಮನೆ ನಡೆಯುತ್ತಿದ್ದದ್ದು ವಿಕಾಸನ ಸಂಬಳದಿಂದ. ಅವನು ಅರ್ಗಾದ ನೌಕಾನೆಲೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ವೈರಿಂಗ್ ಕೆಲಸ ಮಾಡುತ್ತಿದ್ದ. ತೋಟ ನಡೆಯುತ್ತಿದ್ದದ್ದು ಅವನ ತಾಯಿ ನಾಗಮ್ಮನ ಹಟದಿಂದ. ಅಂಕೋಲೆ ಪೇಟೆಯ ಬೀಡಾ ಅಂಗಡಿಯವರು ನಾಗಮ್ಮನ ಎಲೆ ಅಂದರೆ ಒಂದು ಮಾತು ಹೆಚ್ಚು ಹೊಗಳುತ್ತಿದ್ದರು. ಆ ಒಂದು ಮಾತಿಗಾಗಿ ಮುದುಕಿ ವರ್ಷವಿಡೀ ಜೀವ ತೇಯುತ್ತಿದ್ದಳು.

ತೋಟಕ್ಕೆ ನಿಯಮಗಳಿದ್ದವು. ಚಪ್ಪಲಿ ಹಾಕಬಾರದು, ಉಗುಳಬಾರದು, ಹೊರಗಾದ ಹೆಂಗಸು ಆ ದಿನಗಳಲ್ಲಿ ದಣಪೆ ದಾಟಬಾರದು. ಬಳ್ಳಿ ಕೊಯ್ಯುವ ಕತ್ತಿ ಗಂಡ ಬೊಮ್ಮಯ್ಯನ ಕಾಲದ್ದು. ಅವನು ಸತ್ತು ಇಪ್ಪತ್ತು ವರ್ಷವಾಗಿದ್ದರೂ ಕತ್ತಿಯ ದರ್ಬಾರು ಮುಗಿದಿರಲಿಲ್ಲ. ಅದನ್ನು ತೊಳೆಯುವ ಹಾಗಿಲ್ಲ, ಬೆಂಕಿಗೆ ಹಿಡಿಯುವ ಹಾಗಿಲ್ಲ; ತೊಳೆದರೆ ತೋಟದ ಲಕ್ಷ್ಮಿ ನೀರಿನ ಜೊತೆ ಹೋಗುತ್ತಾಳಂತೆ. ಒಂದು ಹಸಿ ಎಲೆಯಿಂದ ಒರೆಸಿ ಮಾಡಿಗೆ ಸಿಕ್ಕಿಸಿದರೆ ಮುಗಿಯಿತು. ಇಪ್ಪತ್ತು ವರ್ಷ ನೀರು ಕಾಣದ ಕತ್ತಿ ಶುದ್ಧ, ಬೆಳಗಾಗೆದ್ದು ತಲೆಗೆ ನೀರು ಹಾಕಿಕೊಂಡು ಬಂದ ಹೆಂಗಸು ಅಶುದ್ಧ. ಊರಿನ ಬೇರೆ ತೋಟಗಳಲ್ಲಿ ಇಂಥದ್ದೆಲ್ಲ ಸಡಿಲವಾಗಿ ಎಷ್ಟೋ ಕಾಲವಾಗಿತ್ತು. ಅಲ್ಲಿ ಸಡಿಲವಾದಷ್ಟೂ ನಾಗಮ್ಮ ಇಲ್ಲಿ ಬಿಗಿಯಾಗುತ್ತ ಹೋಗಿದ್ದಳು.

ಸೊಸೆಯ ದಿನಗಳನ್ನು ಅವಳು ಬಾಯಿಲೆಕ್ಕಕ್ಕೆ ಬಿಟ್ಟಿರಲಿಲ್ಲ. ಜಗಲಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತಿದ್ದಳು. ವರ್ಷ ಮುಗಿದ ಕ್ಯಾಲೆಂಡರನ್ನು ಎಸೆಯದೆ ಅದರ ಮೇಲೇ ಹೊಸದನ್ನು ತೂಗುಹಾಕುತ್ತಿದ್ದಳು. ಜಗಲಿಗೆ ಬಂದು ಎಲೆಯಡಿಕೆಯ ಕವಳ ಹಾಕುವ ನೆಂಟರು, ಹಾಲಿನವ, ಕರೆಂಟು ಬಿಲ್ಲಿನವ, ಎಲ್ಲರ ಕಣ್ಣಿಗೂ ಆ ಸುತ್ತುಗಳು ಬೀಳುತ್ತಿದ್ದವು. ಮೊದಮೊದಲು ಸುಮಲತಾಳಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ನಾಚಿಕೆ ಹೋಗಿ ಉರಿ ಮಾತ್ರ ಉಳಿಯಿತು.

ಅವಳು ಬಿಣಗಾದವಳು. ತಂದೆ ಅಲ್ಲಿಯ ಫ್ಯಾಕ್ಟರಿಯಲ್ಲಿ ದುಡಿದವನು. ಹೆದ್ದಾರಿಗೆ ಮೈ ತಾಗಿಸಿಕೊಂಡ ಎರಡು ಕೋಣೆಯ ಮನೆ, ಮನೆಯೊಳಗೆ ನಾಲ್ಕು ಹೆಂಗಸರು. ಅಲ್ಲಿ ಹೊರಗೆ ಕೂರುವುದೆಂದರೆ ಲಾರಿಯಡಿಗೆ ಹೋಗಿ ಕೂರಬೇಕಿತ್ತು, ಹಾಗಾಗಿ ಯಾರೂ ಕೂರುತ್ತಿರಲಿಲ್ಲ. ಅಂಥ ಮನೆಯಿಂದ ಬಂದವಳು ಅಗಸೂರಿನ ನಿಯಮಕ್ಕೆ ತಕರಾರಿಲ್ಲದೆ ಒಗ್ಗಿಕೊಂಡಿದ್ದಳು. ಕಾರಣ ಇಷ್ಟೇ, ತೋಟ ಅವಳಿಗೆ ಇಷ್ಟವಾಗಿತ್ತು. ಆ ತಂಪು, ಎಲೆಯ ಖಾರದ ವಾಸನೆ, ತೊಟ್ಟಿಗೆ ಉಗುರು ತಾಗಿಸಿ ಚಿವುಟುವಾಗಿನ ಆ ಸಣ್ಣ ಸದ್ದು. ತಿಂಗಳಿಗೆ ನಾಲ್ಕು ದಿನ ಬಿಟ್ಟರೆ ಉಳಿದದ್ದೆಲ್ಲ ನನ್ನದೇ ಅಲ್ಲವೇ ಅಂದುಕೊಂಡಿದ್ದಳು. ಎಲೆ ಕೊಯ್ಯುವುದರಲ್ಲಿ ಅತ್ತೆಯನ್ನೂ ಮೀರಿಸಿದ್ದಳು, ಅತ್ತೆಯೇ ಅದನ್ನು ನೆಂಟರ ಮುಂದೆ ಹೇಳಿಯೂ ಇದ್ದಳು.

ಎಂಟು ವರ್ಷದ ಹಿಂದೆ ಹಳೆಯ ಬಳ್ಳಿಗಳು ಮುದಿಯಾದವೆಂದು ತೆಗೆಸಿ ಹೊಸದು ನೆಟ್ಟರು. ಅವರ್ಸೆಯಲ್ಲಿರುವ ತನ್ನ ತವರುಮನೆಯ ತೋಟದಿಂದಲೇ ಬಳ್ಳಿ ತರಬೇಕು ಎಂದು ನಾಗಮ್ಮ ಮಗನಿಗೆ ಹೇಳಿದ್ದಳು. ವಿಕಾಸ ಎರಡು ಚೀಲ ಬಳ್ಳಿ ತಂದ. ಒಂದೊಂದೂ ಹಸಿರಾಗಿ, ಚೊಕ್ಕವಾಗಿ, ನೋಡಿದರೆ ದೃಷ್ಟಿಯಾಗುವ ಹಾಗಿದ್ದವು. ಆಷಾಢದ ಮಳೆ ಹಿಡಿದು ಇಪ್ಪತ್ತು ದಿನವಾಗಿರಬೇಕು, ಎಲೆಗಳ ಮೇಲೆ ನೀರು ನೆನೆದಂಥ ಸಣ್ಣ ಚುಕ್ಕೆ ಕಾಣಿಸಿತು. ಚುಕ್ಕೆಯ ಸುತ್ತ ಹಳದಿ ಹಬ್ಬಿತು, ನಡುವೆ ಕಪ್ಪಾಯಿತು, ಎಲೆ ಕಳಚಿ ಬಿತ್ತು. ಹದಿನೈದು ದಿನದಲ್ಲಿ ತೋಟದ ಅರ್ಧ ನೆಲದ ಮೇಲಿತ್ತು.

ನಾಗಮ್ಮ ಸೊಸೆಯನ್ನು ಜಗಲಿಗೆ ಕರೆದಳು. ಅಕ್ಕಪಕ್ಕದ ಮನೆಯ ಮೂವರು ಅಲ್ಲೇ ಕೂತಿದ್ದರು. ಅವರು ಎದ್ದು ಹೋಗಲಿ ಎಂದು ನಾಗಮ್ಮ ಕಾಯಲಿಲ್ಲ.

"ಖರೆ ಹೇಳು. ಆ ದಿನದಲ್ಲಿ ಒಳಗೆ ಹೋಗಿದ್ಯಾ ಇಲ್ವಾ?"

ಹೋಗಿಲ್ಲ ಎಂದಳು ಸುಮಲತಾ. ನಾಗಮ್ಮ ಮತ್ತೆ ಕೇಳಿದಳು, ಇವಳು ಮತ್ತೆ ಹೇಳಿದಳು. ಐದು ವರ್ಷದ ಮಗಳು ಪೂಜಾಳ ತಲೆ ಮುಟ್ಟಿ ಹೇಳಿದಳು. ಬಿಣಗಾದ ಹುಡುಗಿಯರಿಗೆ ಇದರ ಭಯ ಕಮ್ಮಿ ಎಂದು ನೆರೆಯವಳೊಬ್ಬಳು ಗೊಣಗಿದಳು. ವಿಕಾಸ ಕಂಬಕ್ಕೆ ಒರಗಿ ನಿಂತು ನೆಲ ನೋಡುತ್ತಿದ್ದ. ಒಂದು ಮಾತು, ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ ಅನ್ನುವ ಒಂದೇ ಒಂದು ಮಾತು ಅವನ ಬಾಯಿಂದ ಬಿದ್ದೀತೆಂದು ಅವಳು ಕಾದಳು. ಬೀಳಲಿಲ್ಲ. ಅಂದಿನಿಂದ ನಾಲ್ಕು ದಿನವಲ್ಲ, ಮೂವತ್ತು ದಿನವೂ ಅವಳಿಗೆ ತೋಟ ಬಂದ್ ಆಯಿತು.

ಅವಳು ಹೊರಗಾದಳೆಂದು ರೋಗವೇನೂ ಹೊರಗೆ ಹೋಗಲಿಲ್ಲ. ಪ್ರತಿ ಮಳೆಗಾಲಕ್ಕೂ ಚುಕ್ಕೆ ಬಂತು. ಚಳಿ ಬಿದ್ದ ಹಾಗೆ ಕಮ್ಮಿಯಾಗಿ, ಬೇಸಿಗೆಯಲ್ಲಿ ಬಳ್ಳಿಗಳು ಏನೂ ಆಗಿಲ್ಲವೆಂಬಂತೆ ಹೊಳೆಯುತ್ತಿದ್ದವು. ಆಗ ಆ ಹೊಳೆಯುವ ಬಳ್ಳಿಯನ್ನೇ ಆ ಪುಣ್ಯವಂತ ಕತ್ತಿಯಿಂದ ಕೊಯ್ದು ಸತ್ತ ಬಳ್ಳಿಯ ಜಾಗಕ್ಕೆ ನೆಡುತ್ತಿದ್ದರು, ಮತ್ತೆ ಮಳೆ, ಮತ್ತೆ ಚುಕ್ಕೆ. ದಣಪೆಯನ್ನೇ ದಾಟದವಳು ಇದಕ್ಕೆ ಕಾರಣವಾಗುವುದು ಹೇಗೆ ಎಂಬ ಪ್ರಶ್ನೆ ನಾಗಮ್ಮನಿಗೆ ಕಷ್ಟವಾಗಲಿಲ್ಲ. ಒಂದು ವರ್ಷ ಸೊಸೆ ಬಟ್ಟೆ ಒಗೆದ ನೀರು ತೋಟದ ಕಡೆ ಹರಿದಿದ್ದು ಕಾರಣವಾಯಿತು. ಒಗೆಯುವ ಕಲ್ಲನ್ನು ಆಚೆ ಹಾಕಿಸಿದರು. ಮರುವರ್ಷ ಬಟ್ಟೆ ಒಣಹಾಕುವ ಹಗ್ಗದ ನೆರಳು. ಅದರ ಮರುವರ್ಷ ಏನೆಂಬುದನ್ನು ಸುಮಲತಾ ಕೇಳಿಸಿಕೊಳ್ಳಲೇ ಇಲ್ಲ.

ನಿಷೇಧವಾದ ಮೊದಲ ಬೇಸಿಗೆಯಲ್ಲಿ, ಬೇಲಿಯಾಚೆ ಎಸೆದ ಕೊಯ್ದ ಬಳ್ಳಿಯ ರಾಶಿಯಿಂದ ಅವಳು ಹಸಿಯಿದ್ದ ಒಂದು ತುಂಡನ್ನು ಎತ್ತಿಕೊಂಡಿದ್ದಳು. ಬೇಲಿಯ ಹೊರಗಿನ ಮಾವಿನ ಮರದ ಬುಡದಲ್ಲಿ ಅದನ್ನು ನೆಟ್ಟಳು. ಅದು ಚಿಗುರಿ ಮರ ಹತ್ತಿತು. ಮಳೆಗಾಲದಲ್ಲಿ ಅದಕ್ಕೂ ಚುಕ್ಕೆ ಬರುತ್ತಿತ್ತು, ಉದುರಿದರೂ ಸಾಯದೆ ಮತ್ತೆ ಚಿಗುರುತ್ತಿತ್ತು. ನಾಗಮ್ಮ ಅದನ್ನು ನೋಡಿಯೂ ನೋಡದವಳಂತಿದ್ದಳು. ಬೇಲಿ ಹೊರಗಿನದಕ್ಕೆ ನಿಯಮವೂ ಇಲ್ಲ, ಲೆಕ್ಕವೂ ಇಲ್ಲ. ಸುಮಲತಾ ತನ್ನ ಕವಳಕ್ಕೆ ಅದರ ಎಲೆಯನ್ನೇ ಚಿವುಟುತ್ತಿದ್ದಳು. ಎಂಟು ವರ್ಷದಲ್ಲಿ ಉಗುರಿಗೆ ಆ ಸದ್ದು ಕೇಳಿಸಿದ್ದು ಅಲ್ಲಿ ಮಾತ್ರ.

ಈಗ ಪೂಜಾಳಿಗೆ ಹದಿಮೂರು. ಎಂಟನೇ ಇಯತ್ತೆ. ಶಾಲೆಯಿಂದ ಬಂದವಳೇ ಚೀಲ ಎಸೆದು ತೋಟಕ್ಕೆ ಓಡುತ್ತಿದ್ದಳು. ಎಲೆ ಕೊಯ್ಯುವುದು, ಜೋಡಿಸುವುದು, ಕಟ್ಟು ಕಟ್ಟುವುದು, ಎಲ್ಲದರಲ್ಲೂ ಅಜ್ಜಿಯ ಬಲಗೈ. ಅವಳ ಬೆರಳು ತಾಯಿಯ ಬೆರಳಿನ ಹಾಗೇ ಓಡುತ್ತಿತ್ತು. ಇತ್ತೀಚೆಗೆ ನಾಗಮ್ಮ ವಾರಕ್ಕೊಮ್ಮೆಯಾದರೂ ಮೊಮ್ಮಗಳ ಹತ್ತಿರ, ಹೊಟ್ಟೆನೋವು ಗಿಟ್ಟೆನೋವು ಇದೆಯೇನೇ ಎಂದು ಕೇಳತೊಡಗಿದ್ದಳು. ಆ ಮಾತು ಕೇಳಿದಾಗಲೆಲ್ಲ ಸುಮಲತಾಳ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ತನ್ನದು ಹೋದರೆ ಹೋಯಿತು. ಆದರೆ ಇನ್ನೊಂದು ಮಳೆಗಾಲದಲ್ಲಿ ತನ್ನ ಮಗಳನ್ನು ಆ ಜಗಲಿಯಲ್ಲಿ ನಿಲ್ಲಿಸಿ ಖರೆ ಹೇಳು ಎನ್ನುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ: ಈ ಚುಕ್ಕೆ ಪೂಜಾಳ ಹೆಸರಿಗೆ ಅಂಟಬಾರದು.

ಕಳೆದ ವರ್ಷ ಜೂನ್ ತಿಂಗಳಲ್ಲಿ ಕಾರವಾರದಿಂದ ಸ್ಕೂಟರಿನ ಮೇಲೆ ನಿಶಾ ಎನ್ನುವ ಹುಡುಗಿ ಬಂದಳು. ಬೆಳೆಗಳ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಈ ಚುಕ್ಕೆ ತರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಎಂದಳು. ವಿಜಯಪುರದ ಕಡೆ ದ್ರಾಕ್ಷಿ ಬಳ್ಳಿಯಲ್ಲಿ ಇದರ ದಾಯಾದಿಯೊಂದಿದೆ, ಅದು ಮಳೆಯಲ್ಲಿ ಎದ್ದು ಬೇಸಿಗೆಯಲ್ಲಿ ಕಾಣೆಯಾಗುತ್ತದೆ, ಎಲೆಬಳ್ಳಿಯಲ್ಲೂ ಹಾಗೇ ಇದೆಯೇ ಎಂದು ಒಂದು ವರ್ಷ ತಿಂಗಳು ತಿಂಗಳು ನೋಡಬೇಕು ಎಂದಳು. ನಾಗಮ್ಮ ದಣಪೆಗೆ ಅಡ್ಡ ನಿಂತು, "ಅಕ್ಕೋರೆ, ನೀವು ಹೊರಗೆ ಗಿರಗೆ ಆದವ್ರಲ್ಲ ಅಲ್ದಾ?" ಎಂದು ಕೇಳಿದಳು. ನಿಶಾ ಮುಖದ ಒಂದು ಗೆರೆಯೂ ಅಲುಗದಂತೆ ಇಲ್ಲಮ್ಮ ಎಂದು, ಚಪ್ಪಲಿ ಬಿಟ್ಟು, ಒಳಗೆ ಹೋದಳು. ವಾಪಸು ಹೋಗುವ ಮೊದಲು ಕೈತೊಳೆಯಲು ಬಾವಿಕಟ್ಟೆಗೆ ಬಂದಾಗ, ಇಂದು ಎರಡನೇ ದಿನ ಅಕ್ಕ, ಯಾರಿಗೂ ಹೇಳಬೇಡಿ ಎಂದು ಸುಮಲತಾಳ ಕಿವಿಯಲ್ಲಿ ಹೇಳಿದಳು. ಸುಮಲತಾ ನಗುತ್ತ ನಗುತ್ತ ಬಾವಿಕಟ್ಟೆಯ ಮೇಲೇ ಕೂತುಬಿಟ್ಟಳು. ಆ ಮನೆಯಲ್ಲಿ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಆಮೇಲೆ ಪ್ರತಿ ತಿಂಗಳೂ ನಿಶಾ ಬಂದಳು. ಎಲೆ, ತೊಟ್ಟು, ಬಿದ್ದ ಕಸ, ಕಾಂಡದ ಚೂರು, ಎಲ್ಲವನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ ಒಯ್ಯುತ್ತಿದ್ದಳು. ಚೀಲ ಹಿಡಿಯುವುದು ಪೂಜಾಳ ಕೆಲಸ. ಹಿಂದಿನ ವರ್ಷಗಳಲ್ಲಿ ಚುಕ್ಕೆ ಮೊದಲು ಕಂಡ ದಿನ ಯಾವುದು, ಮಳೆ ಹಿಡಿದ ದಿನ ಯಾವುದು, ಬಳ್ಳಿ ಕೊಯ್ದದ್ದು ಯಾವಾಗ ಎಂದು ಕೇಳಿದಾಗ ನಾಗಮ್ಮ ಹೆಮ್ಮೆಯಿಂದ ಕ್ಯಾಲೆಂಡರುಗಳನ್ನು ಇಳಿಸಿಕೊಟ್ಟಳು. ಸುತ್ತುಗಳ ಪಕ್ಕದಲ್ಲಿ ಅದೆಲ್ಲವನ್ನೂ ಬರೆದಿಟ್ಟಿದ್ದಳು. ಸೊಸೆಯ ವಿರುದ್ಧ ಸಾಕ್ಷಿ ಎಂದು ಇಟ್ಟದ್ದು ಅದು. ಸುಮಲತಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಿಶಾ ಆ ಸುತ್ತುಗಳನ್ನು ಒಂದೊಂದಾಗಿ ಬರೆದುಕೊಳ್ಳುವುದನ್ನು ನೋಡಿದಳು. ಅವಳ ಎದೆಯಲ್ಲಿ ಆಸೆ ಹುಟ್ಟಿದ್ದು ಆಗ.

ಏಪ್ರಿಲ್ ತಿಂಗಳಲ್ಲಿ ಮಾವಿನ ಮರದ ಬಳಿ ನಿಂತು ನಿಶಾ ಅವಳಿಗೂ ಪೂಜಾಳಿಗೂ ಹೇಳಿದಳು. ಜುಲೈ ಆಗಸ್ಟಿನಲ್ಲಿ ಒಂದು ಎಲೆಯ ಮೇಲೆ ಲಕ್ಷಗಟ್ಟಲೆ ಇದ್ದದ್ದು ಡಿಸೆಂಬರಿಗೆ ಸಾವಿರಕ್ಕಿಳಿದು, ಈಗ ಎಲೆಯ ಮೇಲೆ ಒಂದೂ ಇಲ್ಲ. ಹಾಗೆಂದು ಹೋಗಿಲ್ಲ, ಕಾಂಡದ ಗೆಣ್ಣಿನೊಳಗೆ ಮಲಗಿದೆ. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊಯ್ದ ಕತ್ತಿಯ ಜೊತೆ, ನೆಟ್ಟ ತುಂಡಿನ ಜೊತೆ ಹೋಗುತ್ತದೆ, ಮಳೆ ಬಿದ್ದ ಕೂಡಲೇ ಏಳುತ್ತದೆ. ಅಷ್ಟು ಹೇಳಿ ಮರ ಹಬ್ಬಿದ ಬಳ್ಳಿಯ ಕಡೆ ಕೈ ಮಾಡಿದಳು.

"ಇದರಲ್ಲೂ ಇದೆ ಅಕ್ಕ. ತೋಟದ್ದನ್ನು ಕಿತ್ತ ದಿನ ಇದನ್ನೂ ಕೀಳಬೇಕು. ಒಂದು ಉಳಿದರೂ ಸಾಕು."

ಸುಮಲತಾ ಆಗಲಿ ಎಂದಳು. ಪೂಜಾ ಚೀಲದ ಬಾಯಿ ಕಟ್ಟುತ್ತಿದ್ದಳು.

ತಿಂಗಳ ಕೊನೆಯ ಭಾನುವಾರ ನಿಶಾ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ವಿವರಿಸಿದಳು. ಎಂಟು ವರ್ಷದ ಕ್ಯಾಲೆಂಡರುಗಳನ್ನು ನೆಲದ ಮೇಲೆ ಸಾಲಾಗಿ ಹರಡಿದಳು. ಮಳೆ ಹಿಡಿದು ಮೂರು ವಾರಕ್ಕೆ ಚುಕ್ಕೆ, ಪ್ರತಿ ವರ್ಷ, ತಪ್ಪದೆ. ಕೆಂಪು ಸುತ್ತುಗಳು ಒಂದು ವರ್ಷ ಅದಕ್ಕೆ ಮುಂಚೆ, ಒಂದು ವರ್ಷ ಆಮೇಲೆ, ಒಂದಕ್ಕೊಂದು ಸಂಬಂಧವೇ ಇಲ್ಲ. ನಾಗಮ್ಮ ಬಗ್ಗಿ ನೋಡಿದಳು, ಬೆರಳಿಟ್ಟು ಎಣಿಸಿದಳು. ಮುದುಕಿ ದಡ್ಡಿಯಾಗಿರಲಿಲ್ಲ. ಸುಮಲತಾ ಕಾದಳು. ಕ್ಷಮಿಸು ಎನ್ನಬೇಕೆಂದೇನಿರಲಿಲ್ಲ, ಹಾಗಾದರೆ ನೀನಲ್ಲ ಎಂದರೆ ಸಾಕಿತ್ತು.

ಅಷ್ಟರಲ್ಲಿ ನಿಶಾ ಇನ್ನೊಂದು ವಿಷಯ ತೆಗೆದಳು. ಮೊದಲ ಬಳ್ಳಿ ಅವರ್ಸೆಯಿಂದ ಬಂತೆಂದು ನೀವು ಹೇಳಿದ್ದೀರಿ, ನಾನು ಆ ತೋಟವನ್ನೂ ಪರೀಕ್ಷೆ ಮಾಡಿದೆ, ಅಲ್ಲಿ ಈ ರೋಗ ಇಲ್ಲವೇ ಇಲ್ಲ, ಎಂದೂ ಬಂದೇ ಇಲ್ಲವಂತೆ ಎಂದಳು. ಎಲ್ಲರೂ ವಿಕಾಸನನ್ನು ನೋಡಿದರು. ಅವನ ಕಿವಿ ಕೆಂಪಾಗಿತ್ತು.

ಕೊನೆಗೆ ಅವನು ಬಾಯಿ ಬಿಟ್ಟ. ಆ ಬೇಸಿಗೆಯಲ್ಲಿ ಅವರ್ಸೆಗೆ ಹೋಗಲು ರಜೆ ಸಿಕ್ಕಿರಲಿಲ್ಲ. ಅರ್ಗಾದಲ್ಲಿ ಜೊತೆಗೆ ಕೆಲಸ ಮಾಡುವವನೊಬ್ಬ ತನ್ನ ತೋಟ ತೆಗೆಯುತ್ತಿದ್ದ, ಬೇಕಾದರೆ ಕೊಯ್ದುಕೋ ಎಂದ. ಹಿಂದಿನ ಮಳೆಗೆ ಅಲ್ಲಿ ಚುಕ್ಕೆ ಬಿದ್ದಿತ್ತೆಂದು ಅವನೇ ಹೇಳಿದ್ದ. ಆದರೆ ಬಳ್ಳಿ ನೋಡಲು ಚೊಕ್ಕವಾಗಿತ್ತು. ವಿಕಾಸ ಎರಡು ಚೀಲ ತುಂಬಿಸಿಕೊಂಡು ಬಂದು ಅವರ್ಸೆಯದು ಎಂದ.

ಸುಮಲತಾ ಒಂದೇ ಪ್ರಶ್ನೆ ಕೇಳಿದಳು. "ಅವತ್ತು ಇಲ್ಲಿ ಅತ್ತೆ ನನ್ನ ಕೇಳ್ವಾಗ ನಿಮಗೆ ಗೊತ್ತಿತ್ತಾ?"

ವಿಕಾಸ ಹೆಂಡತಿಯ ಮುಖ ನೋಡಲಿಲ್ಲ. "ಅವ್ವ ಅಷ್ಟು ಸಿಟ್ಟಲ್ಲಿದ್ಲು. ನಿಂಗೆ ಹ್ಯಾಂಗೂ ತಿಂಗ್ಳಿಗೆ ನಾಕು ದಿನ ಇದ್ದದ್ದೇ, ಬೈಸ್ಕಂಡ್ರೆ ಎರಡು ದಿನದ ಮಾತು ಅಂದ್ಕಂಡೆ."

ಎಂಟು ವರ್ಷವನ್ನು ಅವನು ಎರಡು ದಿನದಲ್ಲಿ ಮುಗಿಸಿಬಿಟ್ಟ. ಸುಮಲತಾಳಿಗೆ ಅತ್ತೆಯ ಮೇಲಿದ್ದ ಸಿಟ್ಟೆಲ್ಲ ಒಮ್ಮೆಗೇ ಸಣ್ಣದಾಗಿ ಕಂಡಿತು. ಅತ್ತೆ ನಂಬಿ ಬೈದಿದ್ದಳು. ಇವನು ಗೊತ್ತಿದ್ದೂ ನೆಲ ನೋಡಿದ್ದ, ಆಮೇಲೆ ಎಂಟು ವರ್ಷ ಅವಳು ದಣಪೆಗೆ ತಂದಿಟ್ಟ ಚಾ ಕುಡಿದಿದ್ದ.

ನಾಗಮ್ಮ ಕ್ಯಾಲೆಂಡರುಗಳನ್ನು ಮಡಿಸಿ ಒಂದರ ಮೇಲೊಂದು ಇಟ್ಟಳು. ಕೊನೆಗೆ ತನಗೆ ತಾನೇ ಹೇಳಿಕೊಂಡ ಹಾಗೆ, "ಹಂಗಾರೆ ಆ ಅರ್ಗಾದವ್ರ ತೋಟಕ್ಕೆ ಯಾವ ಹೆಂಗ್ಸು ಹೊಕ್ಕಿದ್ಲೋ ಏನೋ" ಎಂದಳು. ಆಮೇಲೆ ಮಗನ ಕಡೆ ತಿರುಗಿ ಊಟಕ್ಕೇಳು ಎಂದಳು, ಬಂಗಡೆ ಸಾರು ಆರುತ್ತದೆ ಎಂದಳು. ನಿಶಾ, ಮಳೆಗೆ ಮುಂಚೆ ಎಲ್ಲ ಬಳ್ಳಿ ಕಿತ್ತು ಸುಡಬೇಕು, ಹೊಸದನ್ನು ಪರೀಕ್ಷೆ ಮಾಡಿದ ನರ್ಸರಿಯಿಂದಲೇ ತರಬೇಕು, ಕತ್ತಿಯನ್ನು ಒಂದೊಂದು ಬಳ್ಳಿಗೂ ಬ್ಲೀಚಿಂಗ್ ಪೌಡರಿನ ನೀರಿಗೆ ಅದ್ದಬೇಕು ಎಂದು ಬರೆದುಕೊಟ್ಟು ಹೊರಟಳು. ಗೇಟಿನ ಹತ್ತಿರ ಅವಳು ಸುಮಲತಾಳ ಕೈ ಹಿಡಿದುಕೊಂಡಳು. 

ಮೇ ತಿಂಗಳಲ್ಲಿ ಬಳ್ಳಿ ಕೀಳುವ ಕೆಲಸ ಬಂದಾಗ ವಿಕಾಸನಿಗೆ ಮತ್ತೆ ರಜೆ ಇರಲಿಲ್ಲ. ನಾಗಮ್ಮನ ಮೊಣಕಾಲು ಬಗ್ಗುತ್ತಿರಲಿಲ್ಲ. ನೀನೇ ಹೋಗಿ ಕೀಳು ಎಂದು ಅವಳು ಸೊಸೆಗೆ ಹೇಳಿದಳು. ಸುಮಲತಾ ಸುಮ್ಮನೆ ನಿಂತದ್ದನ್ನು ನೋಡಿ, "ಸತ್ತ ತೋಟಕ್ಕೆ ಎಂತ ಮೈಲಿಗೆ? ಹೋಗು" ಎಂದಳು. ಹಾಗೆ ಎಂಟು ವರ್ಷದ ಮೇಲೆ ಸುಮಲತಾ ದಣಪೆ ದಾಟಿದಳು, ಹೆಣ ಎತ್ತಲು ಕರೆದವರ ಹಾಗೆ.

ಮೂರು ದಿನ ತಾಯಿ ಮಗಳು ಕಿತ್ತರು. ಬಳ್ಳಿಗಳು ಆಗಲೂ ಹೊಳೆಯುತ್ತಿದ್ದವು. ಬುಡಕ್ಕೆ ಕೈಹಾಕಿ ಎಳೆದಾಗ ಮರದಿಂದ ಬೇರು ಬಿಡಿಸಿಕೊಳ್ಳುವ ಸದ್ದು ಬರುತ್ತಿತ್ತು. ರಾಶಿ ಹಾಕಿ ಸುಟ್ಟರು, ಹಸಿ ಎಲೆಯ ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. ಮಾವಿನ ಮರದ ಬಳ್ಳಿಯನ್ನು ಕೊನೆಗೆ ಕೀಳೋಣ ಎಂದುಕೊಂಡಿದ್ದಳು ಸುಮಲತಾ. ಮೂರನೇ ದಿನ ಮಧ್ಯಾಹ್ನ ಪೂಜಾ ಹೊಟ್ಟೆ ಹಿಡಿದುಕೊಂಡು ಮನೆಗೆ ಹೋದವಳು ಬರಲಿಲ್ಲ. ಸುಮಲತಾ ಹೋಗಿ ನೋಡಿದರೆ ಮಗಳು ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದಾಳೆ, ಮುಡಿಗೆ ಅಬ್ಬಲಿಗೆ ಹೂ, ಕೈಯಲ್ಲಿ ಎಳ್ಳುಂಡೆ. ನಾಗಮ್ಮನ ಮುಖದಲ್ಲಿ ಸಂಭ್ರಮವಿತ್ತು. ಮೊಮ್ಮಗಳ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ಅದೇ ಪ್ರೀತಿಯಲ್ಲೇ ಹೇಳಿದಳು: "ಇನ್ನು ಆ ದಣಪೆ ನಿಂಗೂ ಅಷ್ಟೇ ತಂಗಿ. ನಿನ್ನ ಆಯಿ ಹಾಂಗೆ ಮಾಡ್ಬೇಡ."

ಜಗಲಿಯ ಕ್ಯಾಲೆಂಡರಿನಲ್ಲಿ ಆಗಲೇ ಸುತ್ತು ಬಿದ್ದಿತ್ತು. ಪಕ್ಕದಲ್ಲಿ ಸಣ್ಣದಾಗಿ ಪೂ ಎಂದು ಬರೆದಿತ್ತು.

ಸುಮಲತಾ ಮಾವಿನ ಮರದ ಹತ್ತಿರ ಹೋದಳು. ಬಳ್ಳಿಯ ಬುಡಕ್ಕೆ ಕೈ ಹಾಕಿದಳು, ಎಳೆಯಲಿಲ್ಲ. ಈ ಮನೆಯಲ್ಲಿ ಅವಳದು ಅಂತ ಇದ್ದದ್ದು ಇದೊಂದೇ, ಇದನ್ನೂ ಅವಳ ಕೈಯಿಂದಲೇ ಕೀಳಬೇಕೇ? ಮರುದಿನ ಪೂಜಾ, ಆಯಿ, ಅದನ್ನೂ ಕೀಳಬೇಕು ಅಂದಿದ್ರಲ್ಲಾ ಎಂದಾಗ ನಾಳೆ ಎಂದಳು. ಅದರ ಮರುದಿನವೂ ನಾಳೆ ಎಂದಳು. ಬೋಳಾದ ತೋಟದ ಪಕ್ಕದಲ್ಲಿ ಅದೊಂದೇ ಹಸಿರಾಗಿ ನಿಂತಿತ್ತು. ಮೇ ತಿಂಗಳ ಬಿಸಿಲಿಗೆ ಅದು ಬಾಡೀತೆಂದು ಪೂಜಾ ದಿನಾ ಸಂಜೆ ಒಂದು ಕೊಡ ನೀರು ಹಾಕತೊಡಗಿದಳು. ತೋಟಕ್ಕೆ ಹೋಗುವ ಕಾಲು, ಎಲ್ಲಾದರೂ ಹೋಗಲೇಬೇಕಲ್ಲ.

ಜೂನ್ ಮೊದಲ ವಾರ ವಿಕಾಸ ನರ್ಸರಿಯಿಂದ ಬಳ್ಳಿ ತಂದು ತಾನೇ ನೆಟ್ಟ. ಅದರಲ್ಲಿ ಹನ್ನೊಂದು ಒಣಗಿದವು. ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಆ ತಿಂಗಳ ಮೂರನೇ ಭಾನುವಾರ ಬೆಳಿಗ್ಗೆ ಸುಮಲತಾ ಬಟ್ಟೆ ಒಗೆಯುತ್ತಿದ್ದಾಗ ವಿಕಾಸ ಮಾಡಿನಿಂದ ಕತ್ತಿ ತೆಗೆದುಕೊಂಡು ಹೋದ. ನರ್ಸರಿ ಶಿರಸಿಯ ದಾರಿಯಲ್ಲಿ, ದೂರ. ಮಾವಿನ ಮರ ಹತ್ತು ಹೆಜ್ಜೆ. ಅವನು ಬೇಲಿ ಹಾರಿ ಆ ಚೊಕ್ಕ ಬಳ್ಳಿಯ ಮುಂದೆ ನಿಂತು, ತಲೆಯೆತ್ತಿ ನೋಡಿ, ಮೆಚ್ಚಿ, ಕೊಯ್ಯತೊಡಗಿದ. ಒಂದು, ಎರಡು, ಮೂರು.

ಬೇಡ ಎನ್ನುವ ಒಂದು ಮಾತು ಸಾಕಿತ್ತು. ಅದು ಅವಳ ನಾಲಿಗೆಯ ಮೇಲೇ ಇತ್ತು. ಎಂಟು ವರ್ಷದ ಹಿಂದೆ ಇವನ ನಾಲಿಗೆಯ ಮೇಲೂ ಒಂದು ಮಾತು ಹೀಗೇ ಇದ್ದಿರಬೇಕು ಎಂದು ಅವಳಿಗೆ ಅನ್ನಿಸಿತು. ಅವಳ ಮೈಯಲ್ಲಿ ಕಹಿ ಎದ್ದಿತು, ಆ ಕಹಿಯಲ್ಲಿ ಒಂದು ಸುಖವೂ ಇತ್ತು. ಈ ಸಲ ಹೊಸ ಬಳ್ಳಿ ನೆಟ್ಟ ಮೇಲೆ ಯಾವ ಹೆಂಗಸೂ ಒಳಗೆ ಹೋಗಿಲ್ಲ. ತಾನಿಲ್ಲ, ಪೂಜಾ ಇಲ್ಲ, ಮೊಣಕಾಲಿನ ನೋವಿನಿಂದ ಅತ್ತೆಯೂ ಇಲ್ಲ. ಬರಲಿ ಚುಕ್ಕೆ. ಬಂದಾಗ ಜಗಲಿಯಲ್ಲಿ ನಿಲ್ಲಲು ಇವನೊಬ್ಬನೇ ಇರುತ್ತಾನೆ. ಅವಳು ಒಗೆಯುವ ಕಲ್ಲಿನ ಬುಡದ ನೆಲ ನೋಡಿದಳು, ಅವನು ಹನ್ನೊಂದು ತುಂಡು ಕೊಯ್ದು ಮುಗಿಸುವ ತನಕ ನೋಡುತ್ತಲೇ ಇದ್ದಳು.

ಮಳೆ ಹಿಡಿಯಿತು. ಜುಲೈ ಕೊನೆಗೆ ಆ ಹನ್ನೊಂದರಲ್ಲಿ ಚುಕ್ಕೆ, ಆಗಸ್ಟಿನಲ್ಲಿ ಸುತ್ತಲಿನ ಎಲ್ಲದರಲ್ಲೂ ಚುಕ್ಕೆ. ವಿಕಾಸ ಒದ್ದೆಯಾಗಿ ಬಂದು ಒಂದು ಎಲೆಯನ್ನು ತಾಯಿಯ ಮುಂದೆ ಇಟ್ಟ. ನಾಗಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸುಮಲತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಪೂಜಾ ಜಗಲಿಯಲ್ಲೇ ಓದುತ್ತಿದ್ದಳು.

"ಖರೆ ಹೇಳು ಮಗಾ," ಎಂದಳು ನಾಗಮ್ಮ. "ಈ ಸಲ ಎಲ್ಲಿಂದ ತಂದಿ?"

ನರ್ಸರಿಯಿಂದ ಎಂದ ವಿಕಾಸ. ನಾಗಮ್ಮ ಮತ್ತೆ ಕೇಳಿದಳು. ದೇವರಾಣೆ ನರ್ಸರಿಯಿಂದ ಎಂದ. ಮೂರನೇ ಸಲ ಕೇಳಿದಾಗ, ಹನ್ನೊಂದು ಮಾತ್ರ ಮಾವಿನ ಮರದ ಬಳ್ಳಿಯಿಂದ ಕೊಯ್ದೆ, ನೋಡಲು ಚಂದ ಇತ್ತು ಎಂದ. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಸುಮಲತಾ ಈ ಗಳಿಗೆಗಾಗಿ ಎರಡು ತಿಂಗಳು ಕಾದಿದ್ದಳು. ಅವಳು ನೆಲ ನೋಡಿದಳು.

ಆದರೆ ವಿಕಾಸ ಈ ಸಲ ಸುಮ್ಮನಿರಲಿಲ್ಲ. "ಅದ ನೆಟ್ಟವ್ಳು ಇವ್ಳು," ಎಂದ.

ನಾಗಮ್ಮ ಸೊಸೆಯ ಕಡೆ ತಿರುಗಿದಳು. ಆ ತಿರುಗಿದ ಮುಖವನ್ನು ಪೂಜಾ ನೋಡಿದಳು. ಪುಸ್ತಕ ಮುಚ್ಚಿಟ್ಟು ಎದ್ದು ತಾಯಿಗೂ ಅಜ್ಜಿಗೂ ನಡುವೆ ಬಂದು ನಿಂತಳು.

"ಆಯಿಗೆ ಅನ್ಬೇಡ ಅಜ್ಜಿ. ಅದಕ್ಕೆ ದಿನಾ ನೀರು ಹಾಕ್ದವ್ಳು ನಾನು."

 ನಾಗಮ್ಮ ಗೋಡೆ ಹಿಡಿದುಕೊಂಡು ಎದ್ದಳು. ಕ್ಯಾಲೆಂಡರಿನ ಹತ್ತಿರ ಹೋಗಿ ಹಾಳೆ ಹಿಂದೆ ಮಗುಚಿದಳು. ಆಗಸ್ಟ್, ಜುಲೈ, ಜೂನ್. ವಿಕಾಸ ಬಳ್ಳಿ ಕೊಯ್ದ ಭಾನುವಾರವೂ ಸೇರಿ ನಾಲ್ಕು ದಿನ ಕೆಂಪು ಸುತ್ತು, ಪಕ್ಕದಲ್ಲಿ ಪೂ. ಅವಳು ಬೆರಳಿಟ್ಟಳು. ಆ ದಿನಗಳಲ್ಲೂ ಹಾಕಿದೆಯಾ ಎಂದು ಕೇಳಿದಳು. ಹದಿಮೂರರ ಹುಡುಗಿ, ಸುಳ್ಳು ಹೇಳಲು ಕಲಿತಿರಲಿಲ್ಲ, ಹೌದು ಎಂದಳು.

ಸುಮಲತಾ ಜಗಲಿಗೆ ಬಂದಳು. ಮಗಳನ್ನು ಹಿಂದಕ್ಕೆ ಸರಿಸಿ ಅತ್ತೆಯ ಎದುರು ನಿಂತಳು.

"ಅತ್ತೆ, ಪೂಜಾಂದು ಏನೂ ಇಲ್ಲ. ಆ ಬಳ್ಳಿಲಿ ರೋಗ ಇತ್ತು, ನಂಗೆ ಗೊತ್ತಿತ್ತು. ಕೀಳು ಅಂದಿದ್ರು, ನಾನು ಕೀಳ್ಲಿಲ್ಲ. ಇವ್ರು ಕೊಯ್ಯುದ ನಾನು ನೋಡ್ದೆ. ಬೇಕು ಅಂತ್ಲೇ ಸುಮ್ನಿದ್ದೆ. ಮಾಡ್ದವ್ಳು ನಾನು."

ನಾಗಮ್ಮ ಸೊಸೆಯನ್ನು ನೋಡಿದಳು. ಎಷ್ಟೋ ವರ್ಷದ ಮೇಲೆ ಅವಳ ಕಣ್ಣಲ್ಲಿ ಸೊಸೆಯ ಬಗ್ಗೆ ಒಂದು ಮೆತ್ತಗಿನ ಭಾವ ಬಂತು. ಹತ್ತಿರ ಬಂದು ಅವಳ ಬೆನ್ನ ಮೇಲೆ ಕೈ ಇಟ್ಟಳು.

"ಮಗ್ಳ ತಪ್ಪು ಮೈಮೇಲೆ ಹಾಕ್ಕಂಬುಕೆ ಬಂದ್ಯಾ? ನಾನೂ ತಾಯಿನೇ. ನಂಗೆ ತಿಳೀದಾ?"

ಖರೆಯೇ ಹೇಳುತ್ತಿದ್ದೇನೆ ಎಂದಳು ಸುಮಲತಾ. ಪೂಜಾಳ ತಲೆ ಮುಟ್ಟಿ ಹೇಳಿದಳು. ಇವರನ್ನೇ ಕೇಳಿ, ಆ ದಿನ ನಾನು ಅಲ್ಲೇ ಕಲ್ಲಿನ ಹತ್ತಿರ ಇದ್ದೆ, ಇವರು ನನ್ನನ್ನು ನೋಡಿದ್ದಾರೆ ಎಂದಳು. ವಿಕಾಸ ನೋಡಿದ್ದ. ಅವನು ಕಂಬಕ್ಕೆ ಒರಗಿ ನಿಂತು ನೆಲ ನೋಡುತ್ತಿದ್ದ.

ಎಂಟು ವರ್ಷದ ಹಿಂದೆ ಮಾಡಿಲ್ಲ ಎಂದದ್ದನ್ನು ಈ ಜಗಲಿಯಲ್ಲಿ ಯಾರೂ ನಂಬಿರಲಿಲ್ಲ. ಇಂದು ಮಾಡಿದೆ ಎಂದದ್ದನ್ನೂ ಯಾರೂ ನಂಬಲಿಲ್ಲ. ನಾಗಮ್ಮ ಗೂಡಿನಲ್ಲಿ ಕೈಯಾಡಿಸಿ ಕೆಂಪು ಪೆನ್ಸಿಲ್ ಹುಡುಕಿದಳು, ತುದಿಯನ್ನು ನಾಲಿಗೆಗೆ ತಾಗಿಸಿಕೊಂಡಳು, ಜೂನ್ ತಿಂಗಳ ಆ ನಾಲ್ಕು ದಿನಗಳ ಸುತ್ತನ್ನು ಇನ್ನೊಮ್ಮೆ ಒತ್ತಿ ತಿದ್ದಿದಳು.